ಡ್ರೂಪಲ್ 7ರ ಸೈಟ್: ಅಪ್‌ಗ್ರೇಡ್ ಮಾಡುವುದೋ, ಪ್ಲಾಟ್‌ಫಾರ್ಮನ್ನೇ ಬದಲಿಸುವುದೋ?

ಡ್ರೂಪಲ್ 7 ಬಿಡುಗಡೆಯಾದದ್ದು 2011ರ ಜನವರಿ 5ರಂದು. ಸರಿಯಾಗಿ 14 ವರ್ಷಗಳ ನಂತರ, 2025ರ ಜನವರಿ 5ಕ್ಕೆ, ಅದರ ಅಧಿಕೃತ ಬೆಂಬಲ ನಿಂತಿತು. ಮೊದಲು 2021ರ ನವೆಂಬರ್ ಎಂದಿದ್ದ ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತಾ ಬಂದಿದ್ದರು. ಅಷ್ಟಾದರೂ ಅದರಲ್ಲೇ ಉಳಿದುಕೊಂಡ ಸೈಟುಗಳು ಸಾಕಷ್ಟಿವೆ. ಅವನ್ನು ನಡೆಸುವವರ ಕೈಗೆ ಸಾಮಾನ್ಯವಾಗಿ ಎರಡು ಕೊಟೇಶನ್ ಬರುತ್ತವೆ: ಒಂದು ಹೊಸ ಡ್ರೂಪಲ್‌ಗೆ ಅಪ್‌ಗ್ರೇಡ್ ಮಾಡಿಕೊಡುವುದಕ್ಕೆ, ಇನ್ನೊಂದು ವರ್ಡ್‌ಪ್ರೆಸ್‌ಗೆ ಸಾಗಿಸುವುದಕ್ಕೆ. ಎರಡರಲ್ಲಿ ಕಡಿಮೆ ಮೊತ್ತದ್ದಕ್ಕೆ ಒಪ್ಪಿಗೆ ಕೊಡುವವರೇ ಹೆಚ್ಚು. ಆದರೆ ಆ ಎರಡು ಮೊತ್ತಗಳನ್ನು ನೋಡಿ ತೀರ್ಮಾನಿಸಲು ಸಾಧ್ಯವೇ ಇಲ್ಲ.

ಎಲ್ಲ ಅಪ್‌ಗ್ರೇಡ್‌ಗಳೂ ಒಂದೇ ಬಗೆಯವಲ್ಲ. 2020ರ ಜೂನ್‌ನಲ್ಲಿ ಡ್ರೂಪಲ್ 9 ಬಂದಾಗ, 8ರಲ್ಲಿದ್ದವರಿಗೆ ಹೆಚ್ಚಿನ ಕೆಲಸವಿರಲಿಲ್ಲ. ಬಳಕೆ ನಿಲ್ಲಿಸಿ ಎಂದು ಮೊದಲೇ ಎಚ್ಚರಿಸಿದ್ದ ಹಳೆಯ ಕೋಡನ್ನು ತೆಗೆದು ಹಾಕಿದ್ದೇ ಅದರ ಮುಖ್ಯ ಬದಲಾವಣೆ. ಡ್ರೂಪಲ್ 7ರಿಂದ 8ಕ್ಕೆ ಹೋಗುವುದು ಹಾಗಲ್ಲ. 2015ರ ನವೆಂಬರ್‌ನಲ್ಲಿ ಬಂದ ಆ ಆವೃತ್ತಿಯ ಅಡಿಪಾಯವೇ ಬೇರೆ. ಸಿಮ್ಫನಿ ಎಂಬ ಪಿಎಚ್‌ಪಿ ಫ್ರೇಮ್‌ವರ್ಕಿನ ಭಾಗಗಳು ಒಳಗೆ ಬಂದವು, ಪುಟದ ವಿನ್ಯಾಸ ಟ್ವಿಗ್ ಟೆಂಪ್ಲೇಟುಗಳಿಗೆ ಬದಲಾಯಿತು. 7ರ ಥೀಮ್ ಅಲ್ಲಿ ನಡೆಯುವುದಿಲ್ಲ. ನಿಮಗಾಗಿಯೇ ಬರೆಸಿಕೊಂಡ ಮಾಡ್ಯೂಲ್‌ಗಳನ್ನು ಮತ್ತೆ ಬರೆಸಬೇಕು. ಲೇಖನ, ಚಿತ್ರ, ಬಳಕೆದಾರರ ಖಾತೆಗಳನ್ನು ಸಾಗಿಸಲು ಮೈಗ್ರೇಟ್ ಸೌಲಭ್ಯವಿದೆ. ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಬೇಕು.

ಹಾಗಾಗಿ ಡೆವಲಪರ್ ಹತ್ತಿರ ಮೊದಲು ಕೇಳಬೇಕಾದದ್ದು ಹಣದ ವಿಷಯವಲ್ಲ: ಈಗಿರುವ ಕೋಡಿನಲ್ಲಿ ಎಷ್ಟು ಉಳಿಯುತ್ತದೆ? ಬಹುಪಾಲು ಉಳಿಯುತ್ತದೆ ಎಂದರೆ ಅಪ್‌ಗ್ರೇಡ್ ಮಾಡಿ, ಬೇರೆ ಕಡೆ ನೋಡುವ ಅಗತ್ಯವಿಲ್ಲ. ಏನೂ ಉಳಿಯುವುದಿಲ್ಲ ಎಂದರೆ ಅಪ್‌ಗ್ರೇಡ್ ಎಂಬ ಹೆಸರಿಗೆ ಮರುಳಾಗಬೇಡಿ. ಅದೂ ಹೊಸ ಸೈಟೇ. ಆಗ ವರ್ಡ್‌ಪ್ರೆಸ್ಸನ್ನೂ ಹೊಸ ಡ್ರೂಪಲ್ಲನ್ನೂ ಸಮನಾಗಿ ನಿಲ್ಲಿಸಿ ಹೋಲಿಸುವುದು ನ್ಯಾಯ.

ಏನೂ ಮಾಡದೆ ಕೂತರೂ ಖರ್ಚು ತಪ್ಪುವುದಿಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರಲ್ಲಿ ಒಂದು ಗಂಭೀರ ಭದ್ರತಾ ದೋಷ ಬಯಲಾಯಿತು. ಪ್ರಕಟಣೆಯಾದ ಏಳು ಗಂಟೆಯೊಳಗೆ ತಿದ್ದುಪಡಿ ಹಾಕಿಕೊಳ್ಳದ ಸೈಟುಗಳು ದಾಳಿಗೆ ಸಿಕ್ಕಿವೆ ಎಂದೇ ಭಾವಿಸಿ ಎಂದು ಡ್ರೂಪಲ್‌ನ ಭದ್ರತಾ ತಂಡ ಆಮೇಲೆ ಹೇಳಬೇಕಾಯಿತು. ಆಗ ತಿದ್ದುಪಡಿಯಾದರೂ ಬಂದಿತ್ತು. ಇನ್ನು ಮುಂದೆ ಅಂಥದ್ದು ಬೇಕೆಂದರೆ ಹಣ ಕೊಟ್ಟು ಖಾಸಗಿ ಕಂಪನಿಗಳ ವಿಸ್ತರಿತ ಬೆಂಬಲ ಪಡೆಯಬೇಕು.

ಕೊಟೇಶನ್‌ಗಳಲ್ಲಿ ಕಾಣದ ಇನ್ನೊಂದು ಖರ್ಚು ಕನ್ನಡ ಸೈಟುಗಳಿಗೆ ವಿಶೇಷವಾಗಿ ತಟ್ಟುತ್ತದೆ. ಅದು ಪುಟದ ವಿಳಾಸಗಳದ್ದು. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. ವೆಬ್ ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ಅಂದರೆ ಒಂದು ‘ಕ’ಕ್ಕೆ ಒಂಬತ್ತು ಸ್ಥಾನ, ಅದಕ್ಕೆ ಕೊಂಬು ಸೇರಿ ‘ಕು’ ಆದರೆ ಹದಿನೆಂಟು. ವರ್ಡ್‌ಪ್ರೆಸ್ ವಿಳಾಸವನ್ನು ಈ ರೂಪದಲ್ಲೇ ಉಳಿಸುತ್ತದೆ, ಅದಕ್ಕೆ ಕೊಡುವ ಜಾಗ 200 ಸ್ಥಾನ ಮಾತ್ರ. ‘ಮಲೆನಾಡಿನ ಮಳೆಗಾಲದ ಅಡುಗೆಗಳು ಮತ್ತು ಉಪ್ಪಿನಕಾಯಿ’ ಎಂಬ ತಲೆಬರಹವನ್ನೇ ನೋಡಿ. ‘ಮಲೆನಾಡಿನ’ ಪದಕ್ಕೆ 72, ‘ಮಳೆಗಾಲದ’ ಪದಕ್ಕೆ 63, ನಡುವಿನ ಎರಡು ಅಡ್ಡಗೆರೆಗೆ 2. ಉಳಿಯುವುದು 63. ಅಷ್ಟರಲ್ಲಿ ‘ಅಡುಗೆಗಳ’ ತನಕ ಬಂದು ನಿಲ್ಲುತ್ತದೆ. ಕೊನೆಯ ಕೊಂಬಿಗೂ ಜಾಗವಿಲ್ಲ, ಉಪ್ಪಿನಕಾಯಿಯಂತೂ ದೂರದ ಮಾತು. ಡ್ರೂಪಲ್‌ನಲ್ಲಿ ಕನ್ನಡದಲ್ಲೇ ಉಳಿಸಿದ ವಿಳಾಸಕ್ಕೆ ಈ ತೊಂದರೆಯಿಲ್ಲ, ತಲೆಬರಹ ಪೂರ್ತಿ ಹಿಡಿಸುತ್ತದೆ. ಹಾಗಾಗಿ ಸಾಗಿಸಿದ ಮೇಲೆ ಹಳೆಯ ವಿಳಾಸಕ್ಕೂ ಹೊಸದಕ್ಕೂ ತಾಳೆಯಾಗುವುದಿಲ್ಲ. ಓದುಗರು ಉಳಿಸಿಕೊಂಡ ಕೊಂಡಿ, ಗೂಗಲ್ ನೆನಪಿಟ್ಟುಕೊಂಡ ಪುಟ ಎಲ್ಲವೂ ‘ಪುಟ ಸಿಗಲಿಲ್ಲ’ ಎಂಬಲ್ಲಿಗೆ ಹೋಗಿ ನಿಲ್ಲುತ್ತವೆ. ಪ್ರತಿ ಹಳೆಯ ವಿಳಾಸಕ್ಕೂ ಹೊಸದನ್ನು ತೋರಿಸುವ 301 ರೀಡೈರೆಕ್ಟ್ ಪಟ್ಟಿ ಮಾಡುವುದೇ ಇದಕ್ಕೆ ಪರಿಹಾರ. ಈ ಕೆಲಸ ಕೊಟೇಶನ್‌ನಲ್ಲಿ ಲಿಖಿತವಾಗಿ ಇರಲೇಬೇಕು. ಹತ್ತು ವರ್ಷ ಕೂಡಿಟ್ಟ ಓದುಗರನ್ನು ಇಂಥ ಕಾರಣಕ್ಕೆ ಕಳೆದುಕೊಳ್ಳುವುದು ನನಗಂತೂ ಸಹಿಸಲಾಗದ ಸಂಗತಿ.

ಇನ್ನು ದುಡ್ಡಿನ ಲೆಕ್ಕ. ಅದನ್ನು ಐದು ವರ್ಷಕ್ಕೆ ಹಾಕಿ. ಒಂದು ಕಲ್ಪಿತ ಉದಾಹರಣೆ: ಡ್ರೂಪಲ್‌ನಲ್ಲಿ ಕಟ್ಟಲು ಒಂದೂವರೆ ಲಕ್ಷ, ಆಮೇಲೆ ವರ್ಷಕ್ಕೆ 20 ಸಾವಿರ, ವರ್ಡ್‌ಪ್ರೆಸ್‌ನಲ್ಲಿ ಕಟ್ಟಲು 90 ಸಾವಿರ, ಆಮೇಲೆ ಹೋಸ್ಟಿಂಗ್, ನಿರ್ವಹಣೆ, ಹಣ ಕೊಟ್ಟು ಕೊಳ್ಳುವ ಪ್ಲಗಿನ್‌ಗಳ ನವೀಕರಣ ಸೇರಿ ವರ್ಷಕ್ಕೆ 45 ಸಾವಿರ. ಐದು ವರ್ಷಕ್ಕೆ ಮೊದಲನೆಯದು ಎರಡೂವರೆ ಲಕ್ಷ, ಎರಡನೆಯದು 3 ಲಕ್ಷ 15 ಸಾವಿರ. ನಿಮ್ಮ ಸೈಟಿನಲ್ಲಿ ಇದು ತಿರುಗುಮುರುಗು ಆಗಬಹುದು. ಉಚಿತ ಪ್ಲಗಿನ್‌ಗಳಲ್ಲೇ ನಿಭಾಯಿಸುವ, ಬರಹ ಮತ್ತು ಚಿತ್ರ ಮಾತ್ರ ಇರುವ ಸೈಟಿಗೆ ವರ್ಡ್‌ಪ್ರೆಸ್ ಅಗ್ಗವಾಗುವ ಸಾಧ್ಯತೆ ಹೆಚ್ಚು. ಹತ್ತಾರು ಬಗೆಯ ಮಾಹಿತಿ, ಅವುಗಳ ನಡುವಿನ ಸಂಬಂಧ, ಯಾರು ಏನು ನೋಡಬಹುದೆಂಬ ಕಟ್ಟುಪಾಡು ಇದ್ದರೆ ಡ್ರೂಪಲ್‌ನ ಖರ್ಚಿಗೆ ಅರ್ಥವಿದೆ. ಇದರ ಜೊತೆಗೆ, ದಿನಾ ಲೇಖನ ಹಾಕುವ ಸಿಬ್ಬಂದಿ ಹೊಸ ವ್ಯವಸ್ಥೆ ಕಲಿಯುವ ಸಮಯ, ಊರಿನಲ್ಲೋ ಹತ್ತಿರದ ಪೇಟೆಯಲ್ಲೋ ಆ ಕೆಲಸ ಬಲ್ಲವರು ಸಿಗುತ್ತಾರೋ ಇಲ್ಲವೋ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಮೂರನೆಯ ದಾರಿಯೂ ಇದೆ: ಬ್ಯಾಕ್‌ಡ್ರಾಪ್. ಡ್ರೂಪಲ್ 7ರಿಂದಲೇ ಕವಲೊಡೆದು 2015ರ ಜನವರಿಯಲ್ಲಿ ಬಂದದ್ದು. ಹಳೆಯ ಕೋಡಿಗೆ ಹತ್ತಿರವಿರುವುದರಿಂದ ಮಾಡ್ಯೂಲ್‌ಗಳನ್ನು ಅದಕ್ಕೆ ಹೊಂದಿಸುವ ಶ್ರಮ ಕಡಿಮೆ. ಬಳಗ ಮಾತ್ರ ಚಿಕ್ಕದು.

ಹೊಸದೇನೂ ಸೇರದ, ಹಳೆಯ ಸಂಚಿಕೆಗಳನ್ನು ಓದಲಷ್ಟೇ ಇರುವ ಸೈಟಾದರೆ ಇದ್ಯಾವುದೂ ಬೇಡ. ಎಲ್ಲ ಪುಟಗಳನ್ನೂ ಸಾದಾ ಎಚ್‌ಟಿಎಂಎಲ್ ಕಡತಗಳಾಗಿ ಇಳಿಸಿಕೊಂಡು ಹಾಗೇ ಇಟ್ಟುಬಿಡಿ. ಹುಡುಕು ಪೆಟ್ಟಿಗೆ, ಫಾರಂಗಳು ನಿಲ್ಲುತ್ತವೆ. ಆದರೆ ದಾಳಿ ಮಾಡಲು ಡ್ರೂಪಲ್ಲೂ ಇರುವುದಿಲ್ಲ, ಡೇಟಾಬೇಸೂ ಇರುವುದಿಲ್ಲ.

ಯಾವ ದಾರಿ ಹಿಡಿದರೂ ಪೂರ್ತಿ ಕೆಲಸ ಒಪ್ಪಿಸುವ ಮೊದಲು ಸೈಟಿನ ಅತ್ಯಂತ ತೊಡಕಿನ ಒಂದು ಪುಟವನ್ನು ಮಾತ್ರ ಸಾಗಿಸಿ ತೋರಿಸಲು ಹೇಳಿ, ಅದಕ್ಕೆ ಪ್ರತ್ಯೇಕ ಹಣ ಕೊಡಿ. ಒತ್ತಕ್ಷರ ಸರಿಯಾಗಿವೆಯೇ, ಚಿತ್ರದಡಿಯ ಬರಹ ಬಂದಿದೆಯೇ, ಲೇಖಕರ ಹೆಸರು ಉಳಿದಿದೆಯೇ ನೋಡಿ. ಹಳೆಯ ಡೇಟಾಬೇಸ್ ಮತ್ತು ಕಡತಗಳ ಪೂರ್ಣ ಪ್ರತಿ ನಿಮ್ಮ ಬಳಿಯೇ ಇರಲಿ. ಹೊಸ ಸೈಟ್ ಕೆಲವು ತಿಂಗಳು ನಿರಾತಂಕವಾಗಿ ನಡೆಯುವವರೆಗೆ ಅದನ್ನು ಅಳಿಸಬೇಡಿ.