ಬ್ಯಾಂಡ್ ವಿಮಾನ ಹತ್ತುತ್ತೆ, ಮಾದಾಪುರ ಇಲ್ಲೇ ಇರುತ್ತೆ

ಹೋದ ವಾರ ಮಾದಾಪುರದ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಸಭೆಯ ಹುಡುಗರಿಗೆ ವಿದೇಶದ ಕ್ರೈಸ್ತ ಬ್ಯಾಂಡೊಂದರಿಂದ ಮೆಸೇಜ್ ಬಂದಿದೆಯಂತೆ. ಭಾರತ ಪ್ರವಾಸಕ್ಕೆ ಬರ್ತಿದ್ದೀವಿ, ಒಂದು ಸಂಜೆ ಕೊಡಗಿನಲ್ಲಿ ಹಾಡ್ತೀವಿ, ಮೈದಾನ ನೋಡಿಕೊಡಿ ಅಂತ. "ಪರ್ಮಿಷನ್ ಯಾರತ್ರ ತಗೋಬೇಕು ಮಾರಾಯ? ಪೊಲೀಸಾ, ಪಂಚಾಯ್ತಿಯಾ?" ಅಂತ ಕೇಳಿದ. "ಮೊದಲು ಅವರು ಯಾವ ವೀಸಾದಲ್ಲಿ ಬರ್ತಿದ್ದಾರೆ ಕೇಳು" ಅಂದೆ. ಅವನು ನಕ್ಕ. "ಹಾಡೋದಕ್ಕೂ ವೀಸಾನಾ?"

ಹೌದು, ಹಾಡೋದಕ್ಕೂ. ಆದರೆ ಈ ಲೇಖನ ಬರೀ ವೀಸಾದ್ದಲ್ಲ. ಇಂಥ ಪ್ರವಾಸದಲ್ಲಿ ಏನಾದರೂ ಎಡವಟ್ಟಾದರೆ ಅದರ ಬೆಲೆ ಕಟ್ಟೋರು ಯಾರು ಅನ್ನೋದು ನನ್ನ ಪ್ರಶ್ನೆ.

ಇದು ಸಂಗೀತ ಕಛೇರಿಯೋ, ಸುವಾರ್ತಾ ಕೂಟವೋ?

ಎರಡೂ. ಅಲ್ಲೇ ತೊಡಕಿರುವುದು. ಇಂಥ ಪ್ರವಾಸಗಳಿಗೆ ಹೆಚ್ಚೂಕಡಿಮೆ ಒಂದೇ ಮಾದರಿ ಇದೆ. ಬ್ಯಾಂಡಿನವರು ತಮ್ಮೂರಿನ ಸಭೆಗಳಲ್ಲಿ ಹಣ ಕೂಡಿಸುತ್ತಾರೆ. ಎರಡು ಮೂರು ವಾರಕ್ಕೆ ಬರುತ್ತಾರೆ. ಸಂಜೆ ವೇದಿಕೆಯಲ್ಲಿ ಹಾಡು, ನಡುವೆ ಒಬ್ಬರ 'ಸಾಕ್ಷಿ', ಅಂದರೆ ನನ್ನ ಬದುಕು ಹೇಗೆ ಬದಲಾಯಿತು ಅನ್ನೋ ಕಥೆ. ಕೊನೆಗೆ ಒಂದು ಆಹ್ವಾನ, ಪ್ರಾರ್ಥನೆ. ಆಸಕ್ತಿ ಇದ್ದವರ ಹೆಸರು, ಫೋನ್ ನಂಬರ್ ಬರೆಸಿಕೊಂಡು ಸ್ಥಳೀಯ ಸಭೆಗೆ ಕೊಡುತ್ತಾರೆ. ಹಾಡಿದವರು ಬೆಂಗಳೂರಿಗೆ ಹೋಗಿ ವಿಮಾನ ಹತ್ತುತ್ತಾರೆ, ಆ ಹೆಸರುಗಳ ಪಟ್ಟಿ ಊರಲ್ಲಿ ಉಳಿಯುತ್ತೆ.

ಇದು ಹೊಸದೇನಲ್ಲ. 1882ರಲ್ಲಿ ಸಾಲ್ವೇಷನ್ ಆರ್ಮಿಯ ಫ್ರೆಡರಿಕ್ ಟಕ್ಕರ್ ಮತ್ತು ಮೂವರು ಸಂಗಡಿಗರು ಮುಂಬೈಗೆ ಬಂದಿಳಿದು, ವಾದ್ಯ ಬಾರಿಸುತ್ತಾ ಬೀದಿಯಲ್ಲಿ ಹಾಡಿಕೊಂಡು ಹೊರಟರು. ಅವರನ್ನು ಬಂಧಿಸಿದ್ದು ಬ್ರಿಟಿಷ್ ಸರ್ಕಾರದ ಪೊಲೀಸರೇ! ಧರ್ಮ ಒಂದೇ ಆದರೂ ಮೆರವಣಿಗೆಯಿಂದ ಶಾಂತಿ ಕೆಡುತ್ತೆ ಅನ್ನೋ ಭಯ ಸರ್ಕಾರಕ್ಕಿತ್ತು. ಈಚಿನ ನೆನಪು ಬೇಕಿದ್ದರೆ, 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಅಮೆರಿಕದ ಬೋಧಕ ಬೆನ್ನಿ ಹಿನ್ ನಡೆಸಿದ ಮೂರು ದಿನದ ಸಭೆ. ಅದರ ವಿರುದ್ಧ ನಗರದಲ್ಲಿ ದೊಡ್ಡ ಪ್ರತಿಭಟನೆಯೇ ನಡೆದಿತ್ತು.

ಸಂವಿಧಾನ ಏನನ್ನುತ್ತೆ?

25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು 'ಎಲ್ಲ ವ್ಯಕ್ತಿಗಳಿಗೂ' ಕೊಡುತ್ತದೆ. ಗಮನಿಸಿ, ನಾಗರಿಕರಿಗೆ ಮಾತ್ರ ಅನ್ನುವುದಿಲ್ಲ. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮಾತ್ರ ನಾಗರಿಕರಿಗೆ ಸೀಮಿತ. 'ಪ್ರಸಾರ' ಅನ್ನೋ ಪದ ಬೇಕೋ ಬೇಡವೋ ಅಂತ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ಚರ್ಚೆ ನಡೆಯಿತು. ಲೋಕನಾಥ ಮಿಶ್ರಾ ಬೇಡ ಅಂದರು, ಕೆ.ಎಂ. ಮುನ್ಷಿ ಇರಲಿ ಅಂದರು. ಪದ ಉಳಿಯಿತು.

ಆಮೇಲೆ ಸುಪ್ರೀಂ ಕೋರ್ಟ್ ಎರಡು ಗೆರೆ ಎಳೆಯಿತು. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ಪ್ರಸಾರದ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗಿಲ್ಲ ಎಂದಿತು. 1991ರಲ್ಲಿ ಲೂಯಿ ಡಿ ರೇಡ್ಟ್ ಪ್ರಕರಣ. ಈ ಬೆಲ್ಜಿಯಂ ಮಿಷನರಿ ಭಾರತಕ್ಕೆ ಬಂದಿದ್ದು 1937ರಲ್ಲಿ. ಅರ್ಧ ಶತಮಾನ ಇಲ್ಲೇ ಬದುಕಿದವರಿಗೂ ವಿದೇಶಿಯಾಗಿದ್ದರೆ ಇಲ್ಲಿ ನೆಲೆಸುವ ಮೂಲಭೂತ ಹಕ್ಕಿಲ್ಲ, ಹೊರಹಾಕುವ ಅಧಿಕಾರ ಸರ್ಕಾರಕ್ಕಿದೆ ಎಂದಿತು ಕೋರ್ಟ್. ಹಾಗಾಗಿ ವಿದೇಶಿ ಗಾಯಕನಿಗೆ ಹಾಡುವ ಹಕ್ಕು ಕಾಗದದ ಮೇಲೆ ಇದ್ದರೂ, ಹಾಡಲು ಬರುವ ಬಾಗಿಲು ಪೂರ್ತಿ ಸರ್ಕಾರದ ಕೈಯಲ್ಲಿದೆ.

ವೀಸಾ ಮತ್ತು ದುಡ್ಡು

ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೆ ಹೋಗಬಹುದು, ಪ್ರವಚನ ಕೇಳಬಹುದು. ಆದರೆ ಧರ್ಮ ಬೋಧನೆ ಮಾಡೋ ಹಾಗಿಲ್ಲ, ಧಾರ್ಮಿಕ ಸ್ಥಳದಲ್ಲಿ ಭಾಷಣ ಮಾಡೋ ಹಾಗಿಲ್ಲ, ಧಾರ್ಮಿಕ ಕರಪತ್ರ ಹಂಚೋ ಹಾಗಿಲ್ಲ. ಕೇಂದ್ರ ಗೃಹ ಇಲಾಖೆಯ ನಿಯಮ ಇದು. ಮಿಷನರಿ ವೀಸಾ ಅಂತ ಬೇರೆಯೇ ಇದೆ, ಅದರಲ್ಲೂ ಮತಾಂತರಕ್ಕೆ ಅವಕಾಶವಿಲ್ಲ. ಬ್ಯಾಂಡಿನಲ್ಲಿ ಭಾರತ ಮೂಲದ ಒಸಿಐ ಕಾರ್ಡ್ ಇರೋರು ಇದ್ದರೂ ತಪ್ಪಿಸಿಕೊಳ್ಳೋಕೆ ಆಗಲ್ಲ. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ಮಿಷನರಿ ಅಥವಾ ತಬ್ಲೀಗ್ ಚಟುವಟಿಕೆಗೆ ಅವರೂ ವಿಶೇಷ ಅನುಮತಿ ಪಡೀಬೇಕು.

ಇನ್ನು ದುಡ್ಡು. ವೇದಿಕೆ, ಸೌಂಡ್ ಸಿಸ್ಟಮ್‌ಗೆ ಅಂತ ಬ್ಯಾಂಡ್ ಹೊರಗಿನಿಂದ ಸ್ಥಳೀಯ ಸಂಸ್ಥೆಗೆ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ನಂತರ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹೋಗುವಾಗ ಸಭೆಗೆ ಬಿಟ್ಟು ಹೋಗೋ ಕೀಬೋರ್ಡ್‌ಗೂ ಇದೇ ಕಾಯ್ದೆಯ ಪ್ರಶ್ನೆ ಬರುತ್ತೆ, ಯಾಕಂದ್ರೆ ಕಾಯ್ದೆ ವಸ್ತುಗಳನ್ನೂ ದೇಣಿಗೆಯಲ್ಲಿ ಸೇರಿಸಿದೆ.

ಅತಿಥಿ ಹೋದ ಮೇಲೆ

ಈ ನಿಯಮಗಳು ಮುರಿದಾಗ ಏನಾಗುತ್ತೆ? ನಮ್ಮ ಕಣ್ಣೆದುರಿನ ದೊಡ್ಡ ಉದಾಹರಣೆ ಕ್ರೈಸ್ತರದ್ದಲ್ಲ, ಮುಸ್ಲಿಮರದ್ದು. 2020ರಲ್ಲಿ ಪ್ರವಾಸಿ ವೀಸಾದಲ್ಲಿ ಬಂದು ತಬ್ಲೀಗ್ ಚಟುವಟಿಕೆ ನಡೆಸಿದ್ರು ಅಂತ 2,500ಕ್ಕೂ ಹೆಚ್ಚು ವಿದೇಶಿಯರನ್ನು ಹತ್ತು ವರ್ಷ ಕಪ್ಪುಪಟ್ಟಿಗೆ ಸೇರಿಸಲಾಯಿತು. ಕೋವಿಡ್ ನಿಯಮ ಉಲ್ಲಂಘನೆಯ ಕೇಸುಗಳೂ ಬಿದ್ದವು. ದೆಹಲಿಯಲ್ಲಿ ಅನೇಕರು ಸಣ್ಣ ದಂಡ ಕಟ್ಟಿ ಊರಿಗೆ ಹೋದರು. ವಿಚಾರಣೆ ಎದುರಿಸಿದ 36 ಮಂದಿಯನ್ನು ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಖುಲಾಸೆ ಮಾಡಿತು.

ಅವರಿಗೆ ಉಳಿದುಕೊಳ್ಳಲು ಜಾಗ ಕೊಟ್ಟ ಭಾರತೀಯರ ಕಥೆ? ಅಂಥ 70 ಜನರ ಮೇಲಿನ ಕೇಸುಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದು 2025ರ ಜುಲೈನಲ್ಲಿ. ಅತಿಥಿಗಳದ್ದು ತಿಂಗಳುಗಳಲ್ಲಿ ಮುಗಿಯಿತು, ಆತಿಥ್ಯ ಕೊಟ್ಟವರದ್ದು ಐದು ವರ್ಷ ಎಳೆಯಿತು. ಗೆಳೆಯನಿಗೆ ನಾನು ಹೇಳಿದ್ದೂ ಇದನ್ನೇ.

ಕರ್ನಾಟಕದ ಕಾಯ್ದೆ ಮತ್ತು ಒಂದು ಹಾಡು

ನಮ್ಮಲ್ಲಿ ಇನ್ನೊಂದು ಪದರ ಇದೆ: 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ. ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತ ವಯಸ್ಕರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ ಹತ್ತು ವರ್ಷದವರೆಗೆ. ಜಾಮೀನುರಹಿತ. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿಯದ್ದೇ. ಸಂಬಂಧಿಕರು ಮಾತ್ರವಲ್ಲ, ಸಹೋದ್ಯೋಗಿ ಕೂಡ ದೂರು ಕೊಡಬಹುದು.

'ಆಮಿಷ' ಅಂದರೆ ಏನು ಅಂತ ಓದಿ ನೋಡಿ. ಉಡುಗೊರೆ, ಹಣ, ಕೆಲಸ ಇರಲಿ. ಒಳ್ಳೆಯ ಬದುಕಿನ ಭರವಸೆಯೂ ಆಮಿಷ. ಒಂದು ಧರ್ಮದ ಎದುರು ಇನ್ನೊಂದನ್ನು ವೈಭವೀಕರಿಸುವುದೂ ಆಮಿಷ. ಹಾಗಿದ್ದರೆ ಯಾವ ಭಜನೆ, ಯಾವ ವಚನ, ಯಾವ ಕವ್ವಾಲಿ ಈ ವ್ಯಾಖ್ಯಾನದಿಂದ ಪಾರು? ಭಕ್ತಿಗೀತೆ ಅಂದ ಮೇಲೆ ಅದು ತನ್ನ ದೇವರನ್ನು ಹೊಗಳಲೇಬೇಕಲ್ಲ! ಹಾಡಿನಿಂದಷ್ಟೇ ಅಪರಾಧ ಆಗಲ್ಲ, ಮತಾಂತರದ ಆರೋಪವೂ ಬೇಕು, ನಿಜ. ಆದರೆ ದೂರು ಬರೆಯೋರಿಗೆ ಇಷ್ಟು ಅಗಲವಾದ ಪದ ಸಿಕ್ಕರೆ ಸಾಕು.

2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿತು. ಹೆಡ್‌ಲೈನ್ ನೋಡಿ ಕಾಯ್ದೆ ಹೋಯ್ತು ಅಂದ್ಕೊಂಡವರು ಬಹಳ. ಸಂಪುಟದ ತೀರ್ಮಾನವೇ ರದ್ದತಿ ಅಲ್ಲ. ವಿಧೇಯಕ ಎರಡೂ ಸದನ ದಾಟಿ ರಾಜ್ಯಪಾಲರ ಅಂಕಿತ ಬೀಳಬೇಕು.

ಕೊಡಗಿನಲ್ಲಿ ಇದು ಯಾಕೆ ಸೂಕ್ಷ್ಮ?

ಇಲ್ಲಿ ಕ್ರೈಸ್ತರು ನಿನ್ನೆ ಬಂದವರಲ್ಲ. ವಿರಾಜಪೇಟೆಯ ಸೇಂಟ್ ಆನ್ಸ್ ಚರ್ಚ್ 1792ರದ್ದು, ಜಾಗ ಕೊಟ್ಟಿದ್ದು ದೊಡ್ಡ ವೀರರಾಜೇಂದ್ರ. 1850ರ ದಶಕದಲ್ಲಿ ಬಂದ ಹರ್ಮನ್ ಮೊಗ್ಲಿಂಗ್, ಅಂದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು, ಕ್ರೈಸ್ತರಾದ ದಲಿತರಿಗಾಗಿ ಸಿದ್ದಾಪುರದ ಹತ್ತಿರ ಆನಂದಪುರ ಕಟ್ಟಿದರು. 1860ರಲ್ಲಿ ಅವರು ಯುರೋಪಿಗೆ ಮರಳಿದರು. ಆನಂದಪುರದ ಜನ ಇಲ್ಲೇ ಉಳಿದರು.

ಇವತ್ತಿಗೂ ಸಭೆಯ ಬೆಂಚಿನಲ್ಲಿ ಕೂರೋರು ಯಾರು? ಬಹಳಷ್ಟು ಸಲ ಕಾಫಿ ತೋಟದ ಲೈನ್ ಮನೆಯವರು. ಅವರಲ್ಲಿ ಪರಿಶಿಷ್ಟ ಜಾತಿಯ ಒಬ್ಬ ಹುಡುಗ ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಎಸ್‌ಸಿ ಮೀಸಲಾತಿ ಹೋಗುತ್ತೆ, ರಾಜ್ಯದಲ್ಲಿ ಪ್ರವರ್ಗ-1ಕ್ಕೆ ಸೇರುತ್ತಾನೆ. ಇದನ್ನು ವೇದಿಕೆ ಮೇಲಿನ ಗಿಟಾರ್‌ನವನು ಹೇಳಲ್ಲ, ಅವನಿಗೆ ಗೊತ್ತೂ ಇರಲ್ಲ.

ಜೊತೆಗೆ 2018ರ ಆಗಸ್ಟ್. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತ ಗುಡ್ಡ ಜಾರಿ ಮನೆಗಳು ಹೋದವು. ಮನೆ ಕಳ್ಕೊಂಡವರಿಗೆ ಅಕ್ಕಿ ಚೀಲ, ಕಂಬಳಿ ಕೊಡೋರು ಯಾವ ಧರ್ಮದವರು ಅನ್ನೋದು ಮುಖ್ಯ ಆಗಬಾರದು. ಆದರೆ ಅಕ್ಕಿ ಕೊಟ್ಟ ಕೈಯೇ ನಾಳೆ ಮೈಕ್ ಹಿಡಿದರೆ ಎರಡನ್ನೂ ಅನುಮಾನದಿಂದ ನೋಡ್ತಾರೆ. ಮುಂದಿನ ಮಳೆಗಾಲದಲ್ಲಿ ಸಹಾಯ ಮಾಡಲು ಹೋದ ಸ್ಥಳೀಯ ಪಾಸ್ಟರ್‌ಗೆ ಅದರ ಬಿಸಿ ತಟ್ಟುತ್ತೆ.

ನನ್ನ ನಿಲುವು

ಹಾಡಲಿ. ಕೇಳೋರು ಕೇಳಲಿ, ಇಷ್ಟ ಇಲ್ಲದವರು ಎದ್ದು ಹೋಗಲಿ. ಹಾಡು ಕೇಳಿ ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಲೈನ್ ಮನೆಯ ಹುಡುಗನಿಗೂ ಇದೆ, ಅವನನ್ನು ಆಮಿಷಕ್ಕೆ ಬೀಳುವ ಮಗು ಅಂತ ನೋಡೋ ಕಾಯ್ದೆ ಅವನಿಗೇ ಅವಮಾನ. ಆ ಕಾಯ್ದೆ ರದ್ದಾಗಬೇಕು. ಬೆದರಿಕೆ, ವಂಚನೆಗೆ ಸಾಮಾನ್ಯ ಅಪರಾಧ ಕಾನೂನು ಸಾಕು.

ಆದರೆ ಬರುವವರೂ ಪ್ರಾಮಾಣಿಕವಾಗಿರಬೇಕು. ಸುವಾರ್ತೆಗೆ ಬರೋದಾದರೆ ಅರ್ಜಿಯಲ್ಲಿ 'ಪ್ರವಾಸ' ಅಂತ ಬರೀಬಾರದು. ಶಾಲೆ ಮಕ್ಕಳ ಮುಂದೆ ಸಂಗೀತದ ಹೆಸರಲ್ಲಿ ಬೋಧನೆ ಬೇಡ. ಪರಿಹಾರ ಸಾಮಗ್ರಿ ಮತ್ತು ಪ್ರಾರ್ಥನೆ ಒಂದೇ ಗಾಡಿಯಲ್ಲಿ ಬರಬಾರದು. ಹೆಸರು, ಫೋನ್ ನಂಬರ್ ಪಟ್ಟಿ ಬೇಡವೇ ಬೇಡ. ಕೇಸಾದರೆ ಮೊದಲು ಹುಡುಕಿಕೊಂಡು ಹೋಗೋದು ಆ ನಂಬರುಗಳನ್ನೇ.

ಗೆಳೆಯ ನಿನ್ನೆ ಮತ್ತೆ ಫೋನ್ ಮಾಡಿದ್ದ. ವೀಸಾ ಯಾವುದು ಅಂತ ಬ್ಯಾಂಡಿನವರನ್ನು ಕೇಳಿದ್ದಾನೆ, ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಸಭೆಯ ಹುಡುಗಿಯೊಬ್ಬಳು, "ನಮ್ಮತ್ರಾನೂ ಎರಡು ಗಿಟಾರ್ ಇದೆಯಲ್ಲ ಅಣ್ಣ, ನಾವೇ ಹಾಡಿದ್ರೆ ಆಗಲ್ವಾ?" ಅಂದಳಂತೆ.

ಅವಳಿಗೆ ವೀಸಾ ಬೇಡ. ಹಾಡಿದ ಮೇಲೂ ಅವಳು ಇದೇ ಊರಲ್ಲಿ ಇರ್ತಾಳೆ. ಹಾಗಾಗಿ ಏನು ಹಾಡಬೇಕು, ಹೇಗೆ ಹಾಡಬೇಕು ಅನ್ನೋದು ಅವಳಿಗೇ ಚೆನ್ನಾಗಿ ಗೊತ್ತಿರುತ್ತೆ.