ಖಾಯಂ ಆಗುವ ಮುನ್ನ

‘ಕೆಲಸ ಖಾಯಂ ಆಗಲಿ, ಆಮೇಲೆ ಮದುವೆ’ ಎಂಬುದು ನಮ್ಮ ಹಿರಿಯರು ಆಡುತ್ತ ಬಂದ ಮಾತು. ಗಂಡುಮಕ್ಕಳಿಗೆ ಇದು ಬರಿಯ ವಿವೇಕ. ಹೆಣ್ಣುಮಕ್ಕಳಿಗೋ, ಬಹುಕಾಲ ಕಟ್ಟಳೆಯೇ ಆಗಿತ್ತು.

ವಿದೇಶಾಂಗ ಸೇವೆಯ 1961ರ ನಿಯಮದಂತೆ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಕೊಡಗಿನ ಸಿ. ಬಿ. ಮುತ್ತಮ್ಮನವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಈ ಪಕ್ಷಪಾತವನ್ನು ಖಂಡಿಸಿತು. ಆದರೆ ಗಗನಸಖಿಯರು ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಕೂಡದೆಂಬ ಏರ್ ಇಂಡಿಯಾ ನಿಯಮವನ್ನು 1981ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಮೊದಲ ಬಸಿರಿಗೇ ಕೆಲಸ ಕಳೆಯುವ ನಿಯಮವನ್ನು ಮಾತ್ರ ರದ್ದುಮಾಡಿತು.

ಜೀವವಿಮಾ ನಿಗಮದಲ್ಲಿ ಪ್ರೊಬೇಷನ್ ಮೇಲಿದ್ದ ವಿವಾಹಿತೆಯೊಬ್ಬರನ್ನು ಹೆರಿಗೆಯ ಬೆನ್ನಿಗೇ ತೆಗೆಯಲಾಯಿತು. ಸೇರುವಾಗ ತುಂಬಿಸಿಕೊಂಡ ನಮೂನೆಯಲ್ಲಿ ಮುಟ್ಟಿನ ವಿವರವನ್ನೂ ಕೇಳಿದ್ದರು! 1991ರಲ್ಲಿ ನ್ಯಾಯಾಲಯ ಆಕೆಯನ್ನು ಮರಳಿ ಕೆಲಸಕ್ಕೆ ಸೇರಿಸಿ, ಅಂಥ ಪ್ರಶ್ನೆಗಳನ್ನು ಅಳಿಸಹೇಳಿತು.

ಪರೀಕ್ಷಾವಧಿಯಿರುವುದು ದುಡಿಮೆಯನ್ನು ತೂಗಿ ನೋಡಲು. ಕಡತ ಬರೆಯುವ ಕೈ ಪಳಗಿತೇ, ಹೊತ್ತಿಗೆ ಸರಿಯಾಗಿ ಕೆಲಸವಾಯಿತೇ ಎಂದು ಮೇಲಧಿಕಾರಿ ಧಾರಾಳವಾಗಿ ನೋಡಲಿ. ಹೊಸಿಲ ಒಳಗಣ ಬಾಳು ಆ ಪರೀಕ್ಷೆಯ ವಿಷಯವಲ್ಲವೆಂದೇ ನಾನು ತಿಳಿದಿದ್ದೇನೆ. ತಾಳಿಗೆ ಮೇಲಧಿಕಾರಿಯ ರುಜು ಬೇಕಿಲ್ಲ.