ಹಿಮದ ಊರಿನಲ್ಲಿ ಸಲಿಕೆ ಹಿಡಿಯುವ ಮುನ್ನ

2022ರ ಡಿಸೆಂಬರ್ 23, ಶುಕ್ರವಾರ. ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಫೋನ್ ಬಂತು. ಅಮೆರಿಕದ ಬಫಲೋ ನಗರದಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ. ಅಲ್ಲಿ ಆಗ ಬೆಳಗ್ಗೆ ಒಂಬತ್ತೂವರೆ ಗಂಟೆ.

"ಮಾಮ, ಇವತ್ತು ಜುಮಾಕ್ಕೆ ಹೋಗ್ಲೇಬೇಕಾ? ಹೊರಗೆ ಗಾಳಿ ಶುರುವಾಗಿದೆ, ಎದುರಿನ ಮನೆಯೇ ಕಾಣುದಿಲ್ಲ."

ಜೋರು ಮಳೆ, ಕೆಸರು, ಹಿಮ ಇವೆಲ್ಲ ಜುಮಾ ಬಿಡಲು ಶಾಫಿಈ ಫಿಕ್ಹ್‌ನಲ್ಲೇ ಹೇಳಿರುವ ಕಾರಣಗಳು. ಜೀವಕ್ಕೇ ಅಪಾಯ ಇದ್ದರೆ ಕೇಳುವುದೇ ಬೇಡ. ಮನೆಯಲ್ಲೇ ಲುಹರ್ ಮಾಡು, ಬಾಗಿಲು ದಾಟಬೇಡ ಎಂದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಅಂತ ಎಣಿಸಿದ್ದೆ.

ನಮ್ಮಲ್ಲಿ ಗಲ್ಫಿಗೆ ಹೊರಟವನಿಗೆ ಬುದ್ಧಿ ಹೇಳಲು ಮನೆಗೆ ಹತ್ತು ಮಂದಿ ಇದ್ದಾರೆ. ಬಿಸಿಲಲ್ಲಿ ಹೇಗಿರಬೇಕು, ಎಷ್ಟು ನೀರು ಕುಡಿಯಬೇಕು, ಎಲ್ಲ ಗೊತ್ತು. ಈಗ ನಮ್ಮ ಮಕ್ಕಳು ಅಮೆರಿಕ, ಕೆನಡಾ ಎಂದು ಚಳಿಯ ಊರುಗಳಿಗೂ ಹೋಗುತ್ತಿದ್ದಾರೆ. ಹಿಮದ ವಿಷಯದಲ್ಲಿ ಹೇಳಿಕೊಡುವ ಹಿರಿಯರು ನಮ್ಮ ಮನೆಗಳಲ್ಲಿ ಇಲ್ಲ. ಆ ಮೂರು ದಿನ ನಾವು ಕಲಿತದ್ದನ್ನು ಬರೆಯುತ್ತಿರುವುದು ಅದಕ್ಕೇ.

ಮೊದಲು ಬಫಲೋದಲ್ಲಿ ಏನಾಯಿತು ಅಂತ ಹೇಳುತ್ತೇನೆ. ಆ ಊರು ಈರಿ ಎಂಬ ದೊಡ್ಡ ಸರೋವರದ ಪೂರ್ವದ ತುದಿಯಲ್ಲಿದೆ. ಸರೋವರ ಅಂದರೆ ನಮ್ಮ ಕೆರೆಯ ಲೆಕ್ಕವಲ್ಲ, ಉದ್ದವೇ ಸುಮಾರು 390 ಕಿಲೋಮೀಟರ್. ಡಿಸೆಂಬರಿನಲ್ಲಿ ಆ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಅದರ ಮೇಲೆ ಕೊರೆಯುವ ಗಾಳಿ ಉದ್ದಕ್ಕೂ ಬೀಸಿಕೊಂಡು ಬರುವಾಗ ತೇವವನ್ನು ಎತ್ತಿಕೊಂಡು ದಡ ಮುಟ್ಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ. ಅರಬಿ ಕಡಲಿನ ಗಾಳಿ ತೇವ ಹೊತ್ತು ತಂದು ನಮ್ಮ ಘಟ್ಟಕ್ಕೆ ಮಳೆ ಸುರಿಯುವುದನ್ನು ಕಂಡವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ಆ ಸಲ ಗಾಳಿ, ಹಿಮ, ಚಳಿ ಮೂರೂ ಒಟ್ಟಿಗೆ ಬಂದವು. 37 ಗಂಟೆ ಎಡೆಬಿಡದೆ ಬಿರುಗಾಳಿ. ವಿಮಾನ ನಿಲ್ದಾಣದಲ್ಲಿ ಅಳತೆ ಮಾಡಿದ ಹಿಮ ಒಟ್ಟು ಸುಮಾರು 130 ಸೆಂಟಿಮೀಟರ್, ಅಂದರೆ ಏಳೆಂಟು ವರ್ಷದ ಮಗು ಪೂರಾ ಮುಚ್ಚಿ ಹೋಗುವಷ್ಟು. ವಾಹನ ಸಂಚಾರ ನಿಷೇಧಿಸುವಷ್ಟರಲ್ಲಿ ಎಷ್ಟೋ ಮಂದಿ ಕೆಲಸಕ್ಕೆ ಹೊರಟಾಗಿತ್ತು. ಆಂಬುಲೆನ್ಸ್, ಅಗ್ನಿಶಾಮಕದವರೂ ದಾರಿಯಲ್ಲೇ ಸಿಕ್ಕಿಬಿದ್ದರು. ಆ ಒಂದು ಕೌಂಟಿಯಲ್ಲೇ 47 ಮಂದಿ ತೀರಿಹೋದರು. ಕೆಲವರು ರಸ್ತೆಯಲ್ಲಿ, ಕೆಲವರು ಕಾರಿನೊಳಗೆ, ಕೆಲವರು ಕರೆಂಟು ಹೋಗಿ ತಣ್ಣಗಾದ ತಮ್ಮ ಮನೆಯಲ್ಲೇ. ಮನೆಯೆದುರಿನ ಹಿಮ ತೆಗೆಯುತ್ತಿದ್ದಾಗ ಹೃದಯ ನಿಂತು ಬಿದ್ದವರೂ ಅದರಲ್ಲಿದ್ದಾರೆ.

ಇನ್ನು ನಾವು ಮಾಡಿದ ತಪ್ಪು. ಅಲ್ಲಿ ಮಧ್ಯಾಹ್ನ ಹುಡುಗರಿದ್ದ ಮನೆಯ ಕರೆಂಟು ಹೋಯಿತು. ಅಲ್ಲಿ ಮನೆ ಬಿಸಿ ಮಾಡುವುದು ಗ್ಯಾಸಿನಿಂದಲೇ ಆದರೂ ಆ ಬಿಸಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನಿಗೆ ಕರೆಂಟು ಬೇಕು. ಕರೆಂಟು ಹೋದರೆ ಮನೆ ತಣ್ಣಗಾಗುತ್ತಾ ಬರುತ್ತದೆ. ಈ ಸುದ್ದಿ ಕೇಳಿದ್ದೇ ತಡ, ಇಲ್ಲಿ ಅಕ್ಕ ಒಂದು ಕಡೆಯಿಂದ, ಭಾವ ಒಂದು ಕಡೆಯಿಂದ, ದುಬೈಯಲ್ಲಿರುವ ಅವನ ಅಣ್ಣ ಇನ್ನೊಂದು ಕಡೆಯಿಂದ ಕರೆ ಮಾಡಲು ಶುರು. ನಾನೂ ಬಿಡಲಿಲ್ಲ. "ಮೋನೆ, ಒಮ್ಮೆ ಮುಖ ತೋರಿಸು" ಎಂದು ಅಕ್ಕ ವಿಡಿಯೋ ಕಾಲ್ ಬೇರೆ. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅವನ ಫೋನ್ ಸತ್ತಿತು. ಆಮೇಲೆ 21 ಗಂಟೆ ಸುದ್ದಿಯೇ ಇಲ್ಲ. ಅಕ್ಕ ಮುಸಲ್ಲೆಯಿಂದ ಎದ್ದೇಳಲಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ "ಕರೆಂಟು ಬಂತು, ನಾವೆಲ್ಲ ಚೆನ್ನಾಗಿದ್ದೇವೆ" ಎಂಬ ಸಂದೇಶ ಬಂತು. ಮತ್ತೆ ಲೆಕ್ಕ ಹಾಕಿದರೆ ಆ ರಾತ್ರಿ ನಮ್ಮ ಮನೆಯವರ ಕರೆಗಳೇ ಅರುವತ್ತಕ್ಕಿಂತ ಹೆಚ್ಚು. ತುರ್ತು ಸಹಾಯಕ್ಕೆ ಕರೆಯಲು ಅವನಲ್ಲಿದ್ದ ಒಂದೇ ಸಾಧನವನ್ನು ಖಾಲಿ ಮಾಡಿದ್ದು ಚಳಿಯಲ್ಲ, ನಾವು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಈಗ ನಮ್ಮ ಮನೆಯಲ್ಲಿ ಮಾತಾಗಿದೆ. ಬಿರುಗಾಳಿಯ ಮುನ್ಸೂಚನೆ ಇದ್ದರೆ ದಿನಕ್ಕೆ ಎರಡು ಹೊತ್ತು, ಎರಡು ಸಾಲಿನ ಸಂದೇಶ. ಇಲ್ಲಿಂದ ಒಬ್ಬರೇ ಕೇಳುವುದು, ಉಳಿದವರು ಅವರಲ್ಲಿ ವಿಚಾರಿಸುವುದು. ವಿಡಿಯೋ ಬೇಡವೇ ಬೇಡ.

ಗಾಳಿ ನಿಂತ ಮೇಲೆ ಸಲಿಕೆಯ ಕೆಲಸ. ಶವೆಲ್ ಅಂತ ಹೇಳುತ್ತಾರೆ, ನಮ್ಮ ಹಾರೆಯ ಹಾಗೆ ಅಗೆಯುವುದಕ್ಕಲ್ಲ, ಅಗಲ ಬಾಯಿಯದ್ದು, ತಳ್ಳಲು, ಕೋರಲು. ಮನೆ ಎದುರಿನ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕು ಎಂಬ ನಿಯಮ ಬಫಲೋದಲ್ಲಿದೆ, ಬೇರೆ ಎಷ್ಟೋ ಊರುಗಳಲ್ಲೂ ಇದೆ. ನಮ್ಮ ಹುಡುಗ ಊರಲ್ಲಿ ಅಡಿಕೆ ತೋಟದ ಕೆಲಸ ಮಾಡಿ ಬೆಳೆದವ. ಇದೇನು ಮಹಾ, ಹತ್ತಿಯ ಹಾಗಿದೆ ಎಂದು ಜಾಕೆಟ್ ಹಾಕಿ ಇಳಿದನಂತೆ.

ಹತ್ತಿಯ ಲೆಕ್ಕ ನೋಡಿ. ಕಾರು ನಿಲ್ಲಿಸುವ ಜಾಗ ಹತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲ ಅಂತ ಇಟ್ಟುಕೊಳ್ಳಿ. ಅರ್ಧ ಮೀಟರ್ ಹಿಮ ಬಿದ್ದರೆ 15 ಘನ ಮೀಟರ್. ಹೊಸದಾಗಿ ಬಿದ್ದ ಹಗುರ ಹಿಮವಾದರೂ ಘನ ಮೀಟರಿಗೆ ಸುಮಾರು 100 ಕೆಜಿ ತೂಗುತ್ತದೆ. ಒಟ್ಟು ಒಂದೂವರೆ ಟನ್, ಅಂದರೆ 50 ಕೆಜಿಯ 30 ಅಕ್ಕಿ ಮೂಟೆ. ಒದ್ದೆಯಾದ ಹಿಮ ಅದರ ಎರಡು ಮೂರು ಪಟ್ಟು. ಅಷ್ಟನ್ನೂ ಸಲಿಕೆ ಸಲಿಕೆಯಾಗಿ ಎತ್ತಿ ಬದಿಗೆ ಎಸೆಯಬೇಕು. ಎಲ್ಲ ತೆಗೆದು ಒಳಗೆ ಬರುವಷ್ಟರಲ್ಲಿ ರಸ್ತೆ ಚೊಕ್ಕ ಮಾಡುವ ಲಾರಿ ಬಂದು ರಸ್ತೆಯ ಹಿಮವನ್ನೆಲ್ಲ ನಿಮ್ಮ ಬಾಗಿಲಿಗೇ ದಿಣ್ಣೆ ಮಾಡಿ ಹೋಗುತ್ತದೆ. ಅದು ಎಲ್ಲಕ್ಕಿಂತ ಭಾರದ್ದು, ಕಲ್ಲಿನ ಹಾಗೆ ಗಟ್ಟಿ.

ಮುಕ್ಕಾಲು ಗಂಟೆ ನಿಲ್ಲದೆ ಎಳೆದವನಿಗೆ ತಲೆ ತಿರುಗಿ ವಾಂತಿಯಾಯಿತು. ವಯಸ್ಸು 24. ಪಕ್ಕದ ಮನೆಯ ಮುದುಕರೊಬ್ಬರು ಬಂದು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಆಮೇಲೆ ಹೇಗೆ ಮಾಡಬೇಕು ಅಂತ ತೋರಿಸಿಕೊಟ್ಟರಂತೆ. ಎತ್ತಬೇಡ, ಆದಷ್ಟು ತಳ್ಳು. ಎತ್ತಲೇಬೇಕಾದರೆ ಸಲಿಕೆಯ ಅರ್ಧ ಮಾತ್ರ, ಮಂಡಿ ಬಗ್ಗಿಸಿ. ಸೊಂಟ ತಿರುಚಿ ಹೆಗಲ ಮೇಲಿಂದ ಎಸೆಯಬೇಡ, ಕಾಲು ತಿರುಗಿಸಿ ಮುಂದಕ್ಕೆ ಹಾಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲು. ಪೂರಾ ಬಿದ್ದು ಮುಗಿಯಲಿ ಅಂತ ಕಾಯದೆ, ಗಾಳಿ ಇಲ್ಲದ ದಿನಗಳಲ್ಲಿ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ತೆಗೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಬೆವರು ಹೀರಿ ಒದ್ದೆಯಾದರೆ ಚಳಿ ಒಳಗೇ ಕೂರುತ್ತದೆ. ಆಮೇಲೆ ಕಲ್ಲುಪ್ಪು. ಅದನ್ನು ಎರಚಿದರೆ ನೆಲದ ಮಂಜುಗಡ್ಡೆ ಬಿಡುತ್ತದೆ, ಆದರೆ ಮೈನಸ್ 9 ಡಿಗ್ರಿಯ ಕೆಳಗೆ ಸಾದಾ ಉಪ್ಪು ಹೆಚ್ಚೇನೂ ಮಾಡುವುದಿಲ್ಲ.

ಹೃದಯದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚಳಿಗೆ ರಕ್ತನಾಳಗಳು ಸಂಕುಚಿತವಾಗುತ್ತವೆ. ಅದೇ ಹೊತ್ತಿಗೆ ತೋಳಿನಿಂದ ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಬೇಕಾದ್ದು ಹೆಚ್ಚು, ಹೋಗುವ ದಾರಿ ಸಣ್ಣದು. ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ 2014ರವರೆಗಿನ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 20 ಸೆಂಟಿಮೀಟರ್ ಹಿಮ ಬಿದ್ದ ಮರುದಿನ ಗಂಡಸರು ಹೃದಯಾಘಾತದಿಂದ ಸಾಯುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಹೆಚ್ಚಿತ್ತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ. ಸಲಿಕೆ ಹಿಡಿದು ಇಳಿಯುವವರು ಗಂಡಸರೇ ಹೆಚ್ಚು ಎಂಬುದು ಒಂದು ಕಾರಣ ಇರಬಹುದು. ಅಮೆರಿಕದ ಇನ್ನೊಂದು ಲೆಕ್ಕದ ಪ್ರಕಾರ 1990ರಿಂದ 2006ರವರೆಗೆ ಹಿಮ ತೆಗೆಯುವ ಕೆಲಸದಲ್ಲಿ ವರ್ಷಕ್ಕೆ ಸರಾಸರಿ 11,500 ಮಂದಿ ಗಾಯ, ನೋವು ಅಂತ ತುರ್ತು ಚಿಕಿತ್ಸೆಗೆ ಹೋಗುತ್ತಿದ್ದರು.

ಕಾರಿನಲ್ಲಿ ಸಿಕ್ಕಿಬಿದ್ದರೆ ಇಳಿದು ನಡೆಯಬಾರದು. ಬಿಳಿ ಗಾಳಿಯಲ್ಲಿ ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಆದರೆ ಒಳಗೆ ಕೂತು ಹೀಟರಿಗಾಗಿ ಇಂಜಿನ್ ಓಡಿಸುತ್ತಲೇ ಇದ್ದರೆ ಇನ್ನೊಂದು ಅಪಾಯ. ಹೊಗೆ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆ ಬಂದಂತಾಗಿ ಹಾಗೆಯೇ ಹೋದವರುಂಟು. ಮೊದಲು ಕೊಳವೆಯ ಸುತ್ತ ಬಿಡಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ ಓಡಿಸಿ, ಒಂದು ಕಿಟಕಿ ಬೆರಳಷ್ಟು ತೆರೆದಿಡಬೇಕು. ಮನೆಯ ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆಗೂ ಇದೇ ಮಾತು. ಸಲಿಕೆ ಹಿಡಿದರೆ ಕಾರಿಗಿಂತ ಮೊದಲು ಬಿಡಿಸಬೇಕಾದ್ದು ಅದನ್ನು.

ಅದೇ ಶುಕ್ರವಾರ ಬಫಲೋ ಹತ್ತಿರದ ವಿಲಿಯಮ್ಸ್‌ವಿಲ್‌ನಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆ. ನಯಾಗರ ನೋಡಲು ಹೊರಟಿದ್ದ ದಕ್ಷಿಣ ಕೊರಿಯಾದ ಪ್ರವಾಸಿಗಳ ವ್ಯಾನ್ ಹಿಮದ ಹೊಂಡದಲ್ಲಿ ಹೂತುಹೋಯಿತು. ಇಬ್ಬರು ಇಳಿದು ಹತ್ತಿರದ ಮನೆಯ ಬಾಗಿಲು ತಟ್ಟಿ ಕೇಳಿದ್ದು ಒಂದು ಸಲಿಕೆ. ಮನೆಯವರು ಸಲಿಕೆ ಕೊಡಲಿಲ್ಲ! ಈ ಗಾಳಿಯಲ್ಲಿ ಅಗೆದು ಹೋಗುವುದುಂಟೇ, ಒಳಗೆ ಬನ್ನಿ ಎಂದು ಚಾಲಕನೂ ಸೇರಿ ಹತ್ತು ಮಂದಿಯನ್ನು ಭಾನುವಾರದವರೆಗೆ ಇಟ್ಟುಕೊಂಡರು. ಅಡುಗೆ ಮನೆಯಲ್ಲಿ ಕೊರಿಯಾದ ಮೆಣಸಿನ ಗೊಜ್ಜು, ಅನ್ನ ಬೇಯಿಸುವ ಕುಕ್ಕರ್ ಕೂಡ ಇತ್ತಂತೆ. ಬಂದವರೇ ಅಡುಗೆ ಮಾಡಿ ಎಲ್ಲರೂ ಒಟ್ಟಿಗೆ ಉಂಡರು. ಅಕ್ಕನಿಗೆ ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ಹತ್ತು ಜನಕ್ಕೆ ಕಂಬಳಿ ಎಲ್ಲಿಂದ ತಂದರು?"

ಈ ಚಳಿಗಾಲ ಅಕ್ಕ, ಭಾವ ಇಬ್ಬರೂ ಮಗನಲ್ಲಿಗೆ ಹೊರಟಿದ್ದಾರೆ. ಅವನಿಗೆ ಅಲ್ಲೇ ಕೆಲಸವಾಗಿದೆ. ಭಾವನಿಗೆ 62, ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಸುಮ್ಮನೆ ಕೂತು ಉಣ್ಣುವ ಜೀವ ಅಲ್ಲ. "ಮಗ ಡ್ಯೂಟಿಗೆ ಹೋದಾಗ ನಾನು ಮೆಲ್ಲ ಅಂಗಳ ಚೊಕ್ಕ ಮಾಡಿ ಇಡ್ತೇನೆ, ಅಷ್ಟೇ ಅಲ್ವಾ" ಅಂತ ಮೊನ್ನೆ ಚಾ ಕುಡಿಯುವಾಗ ನಗುತ್ತಾ ಹೇಳಿದರು. ನಾನು ಅಲ್ಲಿಂದ ಎದ್ದು ಹೊರಗೆ ಬಂದು ಹುಡುಗನಿಗೆ ಎರಡು ಸಾಲು ಬರೆದೆ. ರಾತ್ರಿ ಉತ್ತರ ಬಂತು. ಶವೆಲನ್ನು ಬೇಸ್‌ಮೆಂಟಿನಲ್ಲಿಟ್ಟು ಬೀಗ ಹಾಕಿದ್ದಾನಂತೆ, ಬೀಗದ ಕೈ ಪಕ್ಕದ ಮನೆಯ ಮುದುಕರ ಹತ್ತಿರ ಉಂಟಂತೆ.